ಮೋಟರ್ ಹಚ್ಚೋಕಿಂತ ಮೊದಲ ಜಾಳಿಗಿ ತಗದು ನೋಡ್ರಿ

ಹೋದ ತಿಂಗಳು ನಮ್ಮ ಅಡಗಿಮನಿ ನಳದಾಗ ನೀರು ದಾರದಂಗ ಬರ್ಲಿಕ್ಕೆ ಸುರು ಆದ್ವು. ಒಂದು ಪಾತೇಲಿ ತುಂಬೋದ್ರಾಗ ಒಲಿ ಮ್ಯಾಲಿನ ಒಗ್ಗರಣಿ ಹೊತ್ತಿ ಹೋಗ್ತಿತ್ತು. ನಮ್ಮ ಮನಿಯವರು ಪ್ಲಂಬರನ್ನ ಕರಸಿದ್ರು. ಅಂವ ನಳ ಒಮ್ಮೆ ತಿರುವಿ ನೋಡಿದಾಂವನ, "ಪ್ರೆಶರ್ ಪಂಪ್ ಹಚ್ಚಬೇಕ್ರಿ ಸರ, ಮಾಳಿಗಿ ಮ್ಯಾಲೆ ಟಾಕಿ ಹತ್ರ ಕೂಡಸ್ತೇನಿ" ಅಂದ. ಸಾವಿರಗಟ್ಟಲೆ ಖರ್ಚು. ಇವರೂ ಹೂಂ ಅಂದ್ರು. ದಿನಾ ಆ ನಳದ ಮುಂದ ನಿಂದ್ರಾಕಿ ನಾನು, ನನ್ನ ಯಾರೂ ಕೇಳಲಿಲ್ಲ.

ನಾನ ಕೇಳಿದೆ. "ಬಚ್ಚಲಮನ್ಯಾಗ ನೀರು ಛಲೋ ಬರ್ತಾವಲ್ಲ, ಎರಡಕ್ಕೂ ಟಾಕಿ ಒಂದ ಅಲ್ಲೇನಪಾ?" ಅಂವ ಸುಮ್ಮನಾದ. ನಾಳೆ ಬರ್ತೇನಿ ಅಂತ ಹೋದ.

ಇದನ್ನ ಹೆಣ್ಣುಮಕ್ಕಳು ತಿಳಕೊಂಡಿರಬೇಕು ಅಂತ ನನ್ನ ಅಭಿಪ್ರಾಯ. ಒಂದ ನಳದಾಗ ಕಡಿಮಿ ಬಂದ್ರ ದೋಷ ಆ ನಳದ ಹತ್ರನ ಇರ್ತದ. ಬಿಸಿನೀರಷ್ಟ ಸಣ್ಣಗ ಬಂದ್ರ ಗೀಜರ್ ಕಡೆ ನೋಡಬೇಕು. ಮನಿ ತುಂಬ ಎಲ್ಲಾ ನಳಕ್ಕೂ ಹಂಗಾದ್ರ ಟಾಕಿಯಿಂದ ಇಳಿಯೋ ಪೈಪಿನ ವಾಲ್ ಯಾರರ ಅರ್ಧ ತಿರುವಿ ಬಿಟ್ಟಾರೇನು ಅಂತ ಮಾಳಿಗಿ ಹತ್ತಿ ನೋಡಬೇಕು. ಇಷ್ಟಕ್ಕ ಪ್ಲಂಬರ್ ಯಾಕ ಬೇಕು?

ಈಗಿನ ನಳದ ಬಾಯಿಗೆ ಒಂದು ಸಣ್ಣ ಜಾಳಿಗಿ ಇರ್ತದ. ಅರಬಿ ಸುತ್ತಿ ಹಿಡದು ತಿರುವಿದ್ರ ಬಿಚ್ಚತದ, ಬಿಗಿ ಇದ್ರ ಅರಬಿ ಮ್ಯಾಲೇನ ಪಕ್ಕಡ ಹಚ್ಚರಿ, ಇಲ್ಲಂದ್ರ ಗೀರು ಬೀಳ್ತಾವ. ನಾ ಬಿಚ್ಚಿದ್ರ ಒಳಗ ಏನದ? ಉಸುಕು, ಪೈಪ್ ಕೊಯ್ದಾಗಿನ ಪ್ಲಾಸ್ಟಿಕ್ ಚೂರು, ಮ್ಯಾಲೆ ಸುಣ್ಣದಂಗ ಬಿಳೇ ಪದರ. ಹದಿನೈದು ದಿನದ ಹಿಂದ ಟಾಕಿ ತೊಳಿಸಿದ್ವಿ, ತಳದ ರಾಡಿ ಎದ್ದು ಪೈಪಿನಾಗ ಇಳದು ಬಂದು ಇಲ್ಲಿ ಕೂತಿತ್ತು. ಬಿಳೇದು ಬೋರಿನ ನೀರಿಂದು. ಲಿಂಬಿಹಣ್ಣಿನ ರಸದಾಗ ಅರ್ಧ ತಾಸು ನೆನಿ ಇಟ್ಟು ಹಳೇ ಹಲ್ಲಿನ ಬ್ರಶ್‌ಲೇ ತಿಕ್ಕಿದೆ. ಜಾಳಿಗಿ ಹಾಕೂಕಿಂತ ಮೊದಲ ನಳ ಒಮ್ಮೆ ಪೂರಾ ಬಿಟ್ಟು ನೋಡಿದ್ರ, ಅಯ್ಯ, ನೀರು ಎಗರಿ ನನ್ನ ಸೀರಿ ಎಲ್ಲಾ ತೊಯ್ದು ಹೋತು! ಆಮ್ಯಾಲೆ ವಾಯ್ಸರ್ ಮರೀದಂಗ ಇಟ್ಟು ತಿರುಗಿ ಕೂಡಿಸಿದೆ. ಖರ್ಚು ಒಂದು ಲಿಂಬಿಹಣ್ಣು.

ಇನ್ನೊಂದು ತಪ್ಪು ತಿಳುವಳಿಕಿ ಅದ ನಮ್ಮ ಮಂದ್ಯಾಗ. ಟಾಕಿ ದೊಡ್ಡದಿದ್ರ ನೀರು ಜೋರು ಬರ್ತಾವ ಅಂತ. ಇಲ್ಲ. 500 ಲೀಟರ್ ಇರಲಿ, 2000 ಲೀಟರ್ ಇರಲಿ, ಜೋರು ಬರೋದು ಎತ್ತರದಿಂದ. ನೀರು ನಳಕ್ಕಿಂತ 10 ಮೀಟರ್ ಮ್ಯಾಲಿದ್ರ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮಿ 1 ಕಿಲೋ ಒತ್ತಡ. ಅದಕ್ಕ ಟಾಕಿ ಬುಡಕನ ಇರೋ ಮಾಳಿಗಿ ಬಚ್ಚಲದಾಗ ಶವರ್ ಅಳ್ತದ, ಕೆಳಗಿನ ಹಿತ್ತಲ ನಳ ಜಿಗೀತದ. ಅಂಥಾ ಮಾಳಿಗಿ ಬಚ್ಚಲಿಗೆ ಪಂಪ್ ಹಚ್ಚಿದ್ರ ನಾ ಬ್ಯಾಡ ಅನ್ನಂಗಿಲ್ಲ. ನಿಮ್ಮ ಟಾಕಿ, ನಿಮ್ಮ ನೀರು.

ಆದ್ರ ಓಣಿ ನೀರಿಗೆ ಮೋಟರ್ ಹಚ್ಚೋದು ಬ್ಯಾರೆ ಮಾತು. ಅಲ್ಲೇ ನನ್ನ ಸಿಟ್ಟು ಇರೋದು, ನನ್ನ ಮ್ಯಾಲೂ ಹೌದು. ನಮಗೆ ನಳದ ನೀರು ಬರೋದು ಅಷ್ಟು ದಿನಕ್ಕೊಮ್ಮೆ. ಮಲಪ್ರಭಾ ನೀರು ಸವದತ್ತಿ ಕಡೆಯಿಂದ ಬಂದು ನಮ್ಮ ಓಣಿ ಮುಟ್ಟೋದ್ರಾಗ ಜೀವ ಹೋಗಿರ್ತದ. ಹಿಂಗಾಗಿ ಒಬ್ಬರು ಪೈಪಿಗೇ ಮೋಟರ್ ಹಚ್ಚಿ ಎಳದ್ರು. ಅವರ ಬಾಜೂದವರಿಗೆ ನಿಂತ್ವು, ಅವರೂ ಹಚ್ಚಿದ್ರು. ಅರ್ಧ ಎಚ್‌ಪಿ ಇದ್ದವರು ಒಂದು ಎಚ್‌ಪಿ ತಂದ್ರು. ನೀರು ಅಷ್ಟ ಅದಾವ, ಕರೆಂಟ್ ಬಿಲ್ ಅಷ್ಟ ಹೆಚ್ಚಾತು. ಮ್ಯಾಲೆ ಗಟಾರದ ಬಾಜೂಕ ಪೈಪ್ ಎಲ್ಲರ ಬಿರುಕು ಬಿಟ್ಟಿದ್ರ ಮೋಟರ್ ಆ ಹೊಲಸೂ ಒಳಗ ಎಳೀತದ. ಅದನ್ನ ಕುಡಿಯೋರು ನಾವ, ನಮ್ಮ ಮೊಮ್ಮಕ್ಕಳು.

ನಾವೂ ಎರಡು ವರ್ಷ ಹಚ್ಚೇವಿ. ಸುಳ್ಳು ಯಾಕ ಹೇಳ್ಲಿ. ಎಲ್ಲಾರೂ ಮಾಡ್ತಾರ ಅಂತ ನಾವೂ ಮಾಡಿದ್ವಿ. ಓಣಿ ಕಡೀ ಮನ್ಯಾಗ ಒಬ್ಬ ಅಜ್ಜಿ ಇರ್ತಾರ, ಮಗ ಊರಾಗಿಲ್ಲ. ಒಂದಿನ ಕೊಡಪಾನ ಹಿಡಕೊಂಡು ಬಾಗಲಕ್ಕ ಬಂದು ಕೇಳಿದ್ರು: "ತಂಗಿ, ನಿಮ್ಮ ಮೋಟರ್ ಎಷ್ಟೊತ್ತಿಗೆ ಬಂದ್ ಮಾಡ್ತೀರವಾ? ಅದಾದ ಮ್ಯಾಲೆ ನಮಗ ನಾಕು ಕೊಡ ಬರ್ತಾವ. ಟೈಮ್ ಗೊತ್ತಾದ್ರ ಅಲ್ಲೀಮಟಾ ಮಲಗತೇನಿ, ಮೊಳಕಾಲು ನೋಯ್ತಾವ."

ಬೈಲಿಕ್ಕೆ ಬಂದಿರಲಿಲ್ಲ ಅವರು. ಟೈಮ್ ಕೇಳಲಿಕ್ಕೆ ಬಂದಿದ್ರು. ಬೈದಿದ್ರ ನಾನೂ ನಾಕು ಮಾತು ತಿರುಗಿ ಅಂತಿದ್ನೇನೋ.

ಮನ್ಯಾಗ ಜಗಳ ಆತು. "ನಾವೊಬ್ಬರು ತಗದ್ರ ಏನಾಗ್ತದ, ಉಳದವರು ಎಳೀತಾರ" ಅಂದ್ರು ಇವರು. ಆ ಮಾತು ಖರೇನೂ ಹೌದು. ಕಡೀಕ ಅಂಗಳದಾಗ ಸಂಪ್ ತೋಡಿಸಿದ್ವಿ. ನೆಲದ ಕೆಳಗ ಇರೋದ್ರಿಂದ ನೀರು ಎಷ್ಟ ಸಣ್ಣಗ ಬಂದ್ರೂ ತಾವ ಬಂದು ಬೀಳ್ತಾವ. ಅಲ್ಲಿಂದ ಟಾಕಿಗೆ ನಮ್ಮ ಮೋಟರ್ ಏರಸ್ತದ. ತುಂಬಲಿಕ್ಕೆ ಮೊದಲಿಗಿಂತ ಎರಡು ತಾಸು ಹೆಚ್ಚು ಹಿಡೀತದ, ಒಮ್ಮೊಮ್ಮೆ ಪೂರಾ ತುಂಬೂದಿಲ್ಲ. ಅಂದು ಅರಬಿ ಒಗೆಯೋದು ಮುಂದ ಹಾಕ್ತೇನಿ.

ಬಾಜೂ ಮನಿ ವೈನಿ ಇನ್ನೂ ಮೋಟರ್ ತಗದಿಲ್ಲ. ಇದನ್ನ ಓದ್ತಾರಂತ ನನಗ ಗೊತ್ತದ. ಸಿಟ್ಟಾಗಬ್ಯಾಡ್ರಿ ವೈನಿ. ಮುಂದಿನ ಸಲ ನೀರು ಬಿಟ್ಟಾಗ ಒಂದ ದಿನ ಬಂದ್ ಇಟ್ಟು ನೋಡ್ರಿ. ಕಡಿಮಿ ಬಿದ್ರ ನಮ್ಮ ಸಂಪಿನಿಂದ ಪೈಪ್ ಎಳದು ನಿಮ್ಮ ಟಾಕಿಗೆ ನಾನ ಬಿಡ್ತೇನಿ.