ಈರುಳ್ಳಿಯ ನಿದ್ದೆ

ಹೊನ್ನಾಳಿಯ ನಮ್ಮ ಮನೆಯ ಹಿತ್ತಿಲಲ್ಲಿ ಮೂರು ಮಡಿ ಈರುಳ್ಳಿ ಬೆಳೆದು, ಇನ್ನು ಮಳೆಗಾಲ ಮುಗಿಯುವತನಕ ಅಂಗಡಿಯ ಹಂಗಿಲ್ಲವೆಂದು ನಾನು ಮನೆಯವರೆದುರು ಮೀಸೆ ತಿರುವಿದ್ದುಂಟು. ಬೆಳೆದದ್ದೇನೋ ನಿಜ, ಉಳಿಸಿಕೊಳ್ಳಲಾಗಲಿಲ್ಲ. ಯುಗಾದಿ ಕಳೆದ ಮೇಲೆ ಕಿತ್ತ ಸುಮಾರು 20 ಕಿಲೋ ಗೆಡ್ಡೆಯನ್ನು ಅಂದೇ ಗೋಣಿಚೀಲಕ್ಕೆ ತುಂಬಿ, ಬಾಯಿ ಹೊಲಿದು, ಅಡಿಗೆಮನೆಯ ಮೂಲೆಗೆ ಒರಗಿಸಿದೆ. ಆಷಾಢದ ಜಡಿಮಳೆ ಹಿಡಿಯುವ ಹೊತ್ತಿಗೆ ಮನೆಯೆಲ್ಲ ದುರ್ಗಂಧ. ಚೀಲ ಬಿಚ್ಚಿದರೆ ಅರ್ಧ ಕೊಳೆತು ನೀರಾಗಿತ್ತು. ಉಳಿದುದರಲ್ಲಿ ಹಲವು ಮೊಳೆತಿದ್ದವು. ತಾಯಿಯವರು ಏನೂ ಹೇಳಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಂದೊಂದನ್ನೇ ಆರಿಸತೊಡಗಿದರು. ಆ ಮೌನಕ್ಕಿಂತ ಬೈಗುಳವೇ ಮೇಲಾಗಿತ್ತು.

ಒಕ್ಕಲುತನದಲ್ಲೇ ತಲೆ ನರೆತ ಪಕ್ಕದ ಮನೆಯ ಅಜ್ಜ ವಿಚಾರಣೆ ನಡೆಸಿದರು.

“ಎಲೆ ಬಿದ್ದಿದ್ವಾ ಮೇಷ್ಟ್ರೇ?”

“ನಾನೇ ತುಳಿದು ಬೀಳಿಸಿದೆ. ಗೆಡ್ಡೆ ಬೇಗ ಬಲಿಯುತ್ತದೆಂದು ಕೇಳಿದ್ದೆ.”

ಅಜ್ಜ ನಕ್ಕರು. “ನಿದ್ದೆ ಬಂದ ಕೂಸು ತಾನೇ ಒರಗ್ತತಿ. ದೂಡಿ ಮಲಗಿಸಿದ್ರೆ ಅದು ನಿದ್ದೆನಾ?”

ಇದನ್ನು ನಾನು ಮೊದಲು ಬರಿಯ ಉಪಮೆಯೆಂದೇ ಬಗೆದೆ. ಆದರೆ ಸಸ್ಯಶಾಸ್ತ್ರವೂ ಹೇಳುವುದು ಇದನ್ನೇ. ಗೆಡ್ಡೆ ಬಲಿತಾಗ ನಡುವಿನಿಂದ ಹೊಸ ಎಲೆ ಹೊರಡುವುದು ನಿಲ್ಲುತ್ತದೆ. ಕತ್ತು ಒಳಗೆ ಪೊಳ್ಳಾಗಿ, ಎಲೆಯ ಭಾರ ತಾಳಲಾರದೆ ತಾನಾಗಿ ಬಾಗುತ್ತದೆ. ಬಳಿಕ ಗೆಡ್ಡೆ ನಿಜವಾಗಿಯೂ ಕೆಲವು ತಿಂಗಳು ನಿದ್ರಿಸುತ್ತದೆ. ತುಳಿದರೆ ಕತ್ತು ಹಸಿಯಾಗಿಯೇ ಜಜ್ಜುತ್ತದೆ. ಕೊಳೆರೋಗಕ್ಕೆ ಅದೇ ಹೆಬ್ಬಾಗಿಲು.

ಮಡಿಯಲ್ಲಿ ಅರ್ಧದಷ್ಟು ಗಿಡಗಳ ಕತ್ತು ಬಿದ್ದಾಗ ಕೀಳುವುದು ಯೋಗ್ಯ. ಅದಕ್ಕೆ 10–15 ದಿನ ಮುಂಚೆಯೇ ನೀರು ನಿಲ್ಲಿಸಬೇಕು. ಕರಾವಳಿಯವರು ಇದನ್ನು ನೀರುಳ್ಳಿಯೆನ್ನುತ್ತಾರೆ. ಹೆಸರಿನಲ್ಲೇ ನೀರನ್ನು ಹೊತ್ತ ಈ ಗೆಡ್ಡೆ ಕಡೆಗಾಲದಲ್ಲಿ ಮಾತ್ರ ನೀರನ್ನು ಸಹಿಸದು! ನಾನಾದರೋ, ಎಲೆ ಹಳದಿಯಾಯಿತೆಂಬ ಮರುಕದಿಂದ ಕೊನೆಯ ದಿನದವರೆಗೂ ಕೊಡ ಹೊತ್ತಿದ್ದೆ.

ಚಳ್ಳಕೆರೆ, ಜಗಳೂರಿನ ಕಡೆ ಮಳೆಗಾಲದಲ್ಲಿ ಬೆಳೆಯುವ ಈರುಳ್ಳಿ ಬಹುಕಾಲ ಬಾಳದು. ಕೂಡಿಡುವವರು ಚಳಿಗಾಲದಲ್ಲಿ ನೆಟ್ಟು ಬೇಸಗೆಯಲ್ಲಿ ಕೀಳುವ ಬೆಳೆಯನ್ನೇ ನಂಬಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ನಿಕೇತನ’ ತಳಿಯು ಬಾಳಿಕೆಗೆ ಹೆಸರಾದುದು.

ಈ ವರ್ಷ ಕಾದೆ. ಕಿತ್ತುದನ್ನು ಮಡಿಯ ಮೇಲೆಯೇ ಸಾಲಾಗಿ ಹರಡಿ, ಒಂದರ ಎಲೆ ಇನ್ನೊಂದರ ಗೆಡ್ಡೆಗೆ ನೆರಳಾಗುವಂತೆ ಮೂರು ದಿನ ಬಿಟ್ಟೆ. ಸುಡುಬಿಸಿಲು ನೇರವಾಗಿ ಬಿದ್ದರೆ ಗೆಡ್ಡೆ ಬೇಯುತ್ತದೆ. ನಾಲ್ಕನೆಯ ಸಂಜೆ ಹೊಳೆಯ ಕಡೆಯಿಂದ ಮೋಡ ಕವಿಯಿತು. ‘ಹೊನ್ನಾಳಿ ಹೊಡೆತ’ವೆಂಬ ನಾಣ್ಣುಡಿ ಆಲಿಕಲ್ಲಿನ ಮಳೆಗೂ ಸಲ್ಲುತ್ತದೆಯೆಂದು ಬಲ್ಲ ನಾವು, ಮನೆಮಂದಿಯೆಲ್ಲ ಕೂಡಿ ಹತ್ತೇ ನಿಮಿಷದಲ್ಲಿ ಎಲ್ಲವನ್ನೂ ಪಡಸಾಲೆಗೆ ಸಾಗಿಸಿದೆವು. ಅಲ್ಲಿ ಹತ್ತು ದಿನ ನೆರಳಲ್ಲಿ ಆರಿದ ಮೇಲೆ ಹೊರಸಿಪ್ಪೆ ಕಾಗದದಂತೆ ಗರಗರವೆಂದಿತು.

ದಪ್ಪ ಕತ್ತಿನವನ್ನೂ ಹೂದಂಟು ಬಂದವನ್ನೂ ತಾಯಿಯವರು ಮೊದಲು ಅಡಿಗೆಗೆ ತೆಗೆದುಕೊಂಡರು. ಅವು ನಿಲ್ಲುವ ಜಾತಿಯಲ್ಲ. ಕೆಲವನ್ನು ಒಣಗಿದ ಎಲೆಸಹಿತ ಜಡೆ ಹೆಣೆದು ತೊಲೆಗೆ ತೂಗುಹಾಕಿದೆವು. ಉಳಿದವುಗಳ ಕತ್ತನ್ನು ಬೆರಳಗಲ ಬಿಟ್ಟು ಕತ್ತರಿಸಿ, ಗಾಳಿಯಾಡುವ ಬಿದಿರುಬುಟ್ಟಿಗಳಲ್ಲಿ ತೆಳ್ಳಗೆ ಹರಡಿದೆವು. ಆಲೂಗೆಡ್ಡೆಗೆ ಬೇರೆ ಮೂಲೆ. ಶೀತಲಪೆಟ್ಟಿಗೆಯಲ್ಲಿಟ್ಟರೇನೆಂದು ನನ್ನಾಕೆ ಕೇಳಿದಳು. ಅಲ್ಲಿನ ತಂಪು ಮತ್ತು ತೇವ ಇದರ ನಿದ್ದೆ ಕೆಡಿಸುತ್ತವೆ. (ಚಾತುರ್ಮಾಸ್ಯದಲ್ಲಿ ಈರುಳ್ಳಿ ಬಿಡುವ ಮನೆಗಳಿಗೆ ಈ ಚಿಂತೆಯೇ ಇಲ್ಲ!)

ಹದಿನೈದು ದಿನಕ್ಕೊಮ್ಮೆ ಬುಟ್ಟಿ ಮಗುಚಿ ಕೆಟ್ಟುದನ್ನು ಹೆಕ್ಕುವ ಕೆಲಸ ನನ್ನದು. ನಿನ್ನೆ ಹೊರಗೆ ಸೋನೆಮಳೆ ಹಿಡಿದಿತ್ತು. ತಾಯಿಯವರು ಜಡೆಯಿಂದ ಎರಡು ಗೆಡ್ಡೆ ಕಿತ್ತು, ಒತ್ತಿ ನೋಡಿ, “ಕಲ್ಲಾಗ್ಯಾವೆ ಕಣಪ್ಪ” ಎಂದು ಈಳಿಗೆಮಣೆಯ ಮುಂದೆ ಕುಳಿತರು.