ಕೊಡಗಿನ ಮಳೆಗಾಲವೂ ಕುದುರೆಗಳ ಗೊರಸಿನ ಸಂರಕ್ಷಣೆಯೂ

ಕುದುರೆಯನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಅದರ ಎತ್ತರವನ್ನೂ, ಮೈಯ ಹೊಳಪನ್ನೂ, ಸುಳಿಗಳನ್ನೂ ನೋಡಿ ಬೆಲೆ ಕಟ್ಟುವರು. ನಾಲ್ಕು ಕಾಲುಗಳನ್ನೂ ಒಂದೊಂದಾಗಿ ಎತ್ತಿಸಿ, ಗೊರಸಿನ ತಳವನ್ನು ಬೆಳಕಿನಲ್ಲಿ ಪರೀಕ್ಷಿಸುವವರು ವಿರಳ. ಕೊಂಡು ತಂದ ಮೇಲೆಯೂ ಇದೇ ಕ್ರಮವು ಮುಂದುವರಿಯುವುದು. ಮೈ ತಿಕ್ಕುವುದಕ್ಕೆ ಆಳುಂಟು, ಜೀನಿಗೆ ಎಣ್ಣೆ ಹಚ್ಚುವುದಕ್ಕೆ ಆಳುಂಟು. ಗೊರಸನ್ನು ಕೆರೆದು ಶುಚಿಮಾಡುವುದಕ್ಕೆ ಮಾತ್ರ ಯಾರಿಗೂ ಬಿಡುವಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಪ್ರಾಣಿಯು ಕುಂಟತೊಡಗಿದಾಗ ಲಾಳ ಕಟ್ಟುವವನನ್ನು ಕರೆಸುವರು. ಲಾಳದಿಂದಲೂ ಗುಣ ಕಾಣದಿದ್ದರೆ ದೈವವನ್ನು ದೂರಿ ಕುದುರೆಯನ್ನು ಬಂದ ಬೆಲೆಗೆ ಮಾರುವರು. ಈ ನಷ್ಟದ ಬಹುಭಾಗವು ದೈವದಿಂದ ಬಂದದ್ದಲ್ಲ, ಲಾಯದ ನೆಲದಿಂದ ಬಂದದ್ದು ಎಂಬುದನ್ನು ಕೊಡಗಿನ ಊರ ತಕ್ಕರೂ, ಗ್ರಾಮ ಮುಖಂಡರೂ, ಭೂಮಾಲೀಕರೂ ಮನಗಾಣುವುದು ಅವಶ್ಯಕವಾಗಿದೆ.

ಕೊಡಗು ಪೂರ್ವದಿಂದಲೂ ಕಾಲಾಳುಗಳ ನಾಡೇ ಹೊರತು ಕುದುರೆಗಳ ನಾಡಲ್ಲ. ೧೮೩೪ರವರೆಗೆ ಆಳಿದ ಹಾಲೇರಿ ಅರಸರ ಕಾಲದಲ್ಲಿಯೂ ಈ ಕಾಡು ಕಣಿವೆಗಳನ್ನು ಕಾದವರು ಹೆಚ್ಚಾಗಿ ಕೋವಿ ಕತ್ತಿಗಳನ್ನು ಹಿಡಿದು ನಡೆಯುವವರೇ. ೧೮೫೪ರಲ್ಲಿ ಮಡಿಕೇರಿಯ ಬಳಿ ಯೂರೋಪಿಯನ್ನರ ಕಾಫಿ ತೋಟವು ಆರಂಭವಾದ ಮೇಲೆ, ತೋಟ ಸುತ್ತುವುದಕ್ಕೆ ಕುದುರೆಯೂ ತಟ್ಟುವೂ ಬಳಕೆಗೆ ಬಂದುವು. ಮೋಟಾರು ಬಂದ ಬಳಿಕ ಅವು ಮರೆಯಾದುವು. ಈಗ ತೋಟದ ಮನೆಗಳಲ್ಲಿಯೂ ಪ್ರವಾಸಿಗಳು ತಂಗುವ ಮನೆಗಳಲ್ಲಿಯೂ ಸವಾರಿಗಾಗಿ ಕುದುರೆಗಳನ್ನು ಪುನಃ ಸಾಕುತ್ತಿರುವರು. ಓಟದ ಮೈದಾನದಿಂದ ನಿವೃತ್ತವಾದ ಜಾತಿ ಕುದುರೆಗಳು ಇಂಥ ಕಡೆಗೆ ಅಗ್ಗದ ಬೆಲೆಗೆ ಬಂದು ಸೇರುವುದುಂಟು. ಈ ಕುದುರೆಗಳ ಗೊರಸಿನ ಗೋಡೆಯೂ ತಳವೂ ಸಾಮಾನ್ಯವಾಗಿ ತೆಳುವಾದವು. ಎಳೆಯ ಪ್ರಾಯದಿಂದಲೇ ಲಾಳಕ್ಕೆ ಒಗ್ಗಿದವು. ಒಣ ಹವೆಯ ಬೆಂಗಳೂರು, ಮೈಸೂರುಗಳಲ್ಲಿ ಬೆಳೆದವು. ಅಂಥ ಪ್ರಾಣಿಗೆ ಕೊಡಗಿನ ಮಳೆಗಾಲವೆಂಬುದು ಎಂದೂ ಕಾಣದ ಪರೀಕ್ಷೆಯು.

ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾದರೆ, ಮಡಿಕೇರಿಯಲ್ಲಿ ಮೂರು ಸಾವಿರಕ್ಕೂ ಮಿಗಿಲಾಗಿ ಸುರಿಯುತ್ತದೆ. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬೀಳುತ್ತದೆ. ಕಕ್ಕಡ ಮಾಸದಲ್ಲಿ ನೆಲವು ವಾರಗಟ್ಟಲೆ ಒಣಗುವುದೇ ಇಲ್ಲ. ಗೊರಸು ನಮ್ಮ ಉಗುರಿನ ಜಾತಿಯ ವಸ್ತುವು. ಬಹುಕಾಲ ನೀರಿನಲ್ಲಿ ನೆನೆದ ಉಗುರು ಹೇಗೆ ಮೆತ್ತಗಾಗುವುದೋ ಹಾಗೆಯೇ ಗೊರಸೂ ಮೆತ್ತಗಾಗುವುದು. ಮೆತ್ತಗಾದ ಗೋಡೆಯಲ್ಲಿ ಲಾಳದ ಮೊಳೆಯು ಬಿಗಿಯಾಗಿ ನಿಲ್ಲದು. ಅಲುಗಾಡಿ ತೂತನ್ನು ದೊಡ್ಡದುಮಾಡುವುದು. ಕೊನೆಗೆ ಲಾಳವು ಕಳಚುವಾಗ ಗೋಡೆಯ ತುಂಡನ್ನೂ ಕಿತ್ತುಕೊಂಡು ಹೋಗುವುದು. ಮುಂದಿನ ಲಾಳಕ್ಕೆ ಮೊಳೆ ಹೊಡೆಯಲು ಸ್ಥಳವೇ ಇಲ್ಲದಂತಾಗುವುದು.

ಗೊರಸಿನ ರಚನೆಯನ್ನು ಸ್ವಲ್ಪ ತಿಳಿದರೆ ಈ ಹಾನಿಯ ಸ್ವರೂಪವು ಸ್ಪಷ್ಟವಾಗುವುದು. ಹೊರಗೆ ಕಾಣುವ ಗಟ್ಟಿ ಭಾಗವು ಗೋಡೆ. ಕಾಲೆತ್ತಿ ನೋಡಿದಾಗ ಕಾಣುವುದು ತಳ. ತಳದ ಹಿಂಭಾಗದಲ್ಲಿ ಮೂರು ಮೂಲೆಯಾಗಿ, ರಬ್ಬರಿನಂತೆ ಬಾಗುವ ಒಂದು ಭಾಗವಿದೆ. ಇಂಗ್ಲಿಷಿನವರು ಇದನ್ನು ಕಪ್ಪೆಯೆಂದು ಕರೆಯುವರು. ಕುದುರೆಯು ಹೆಜ್ಜೆಯಿಟ್ಟಾಗ ಹಿಮ್ಮಡಿಯ ಭಾಗವು ಸ್ವಲ್ಪ ಅಗಲವಾಗಿ, ಹೆಜ್ಜೆ ಎತ್ತಿದಾಗ ಮೊದಲಿನಂತಾಗುವುದು. ಈ ಚಲನೆಯು ನೆಲದ ಪೆಟ್ಟನ್ನು ತಗ್ಗಿಸುವುದಲ್ಲದೆ, ಪಾದದ ರಕ್ತ ಸಂಚಾರಕ್ಕೂ ಸಹಾಯಕವಾಗುವುದು. ಗೋಡೆಯು ತಿಂಗಳಿಗೆ ಸುಮಾರು ೬ರಿಂದ ೧೦ ಮಿಲಿಮೀಟರು ಬೆಳೆಯುತ್ತದೆ. ಕೂದಲಿನ ಅಂಚಿನಿಂದ ಹೊರಟ ಹೊಸ ಗೋಡೆಯು ಗೊರಸಿನ ಮುಂತುದಿಗೆ ಇಳಿಯಬೇಕಾದರೆ ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಆದ್ದರಿಂದ ಈ ವರ್ಷದ ಅಲಕ್ಷ್ಯವನ್ನು ಮುಂದಿನ ವರ್ಷದವರೆಗೂ ಪ್ರಾಣಿಯು ಹೊತ್ತು ನಡೆಯಬೇಕಾಗುವುದು. ಈ ವರ್ಷದ ಆರೈಕೆಯ ಫಲವೂ ಹಾಗೆಯೇ ಮುಂದಿನ ವರ್ಷಕ್ಕೆ ಉಳಿಯುವುದು.

ಸಗಣಿ, ಗಂಜಳಗಳಿಂದ ಕೂಡಿದ ಒದ್ದೆ ನೆಲದಲ್ಲಿ ಹಗಲಿರುಳು ನಿಂತ ಕುದುರೆಯ ಕಪ್ಪೆ ಭಾಗದ ಸೀಳಿನಲ್ಲಿ, ಗಾಳಿ ಸೋಕದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳು ಸೇರುವುವು. ಕಪ್ಪು ರಸವೂ ಸಹಿಸಲಾಗದ ದುರ್ನಾತವೂ ಇದರ ಗುರುತು. ಹಿಮ್ಮಡಿ ನೋಯುವುದರಿಂದ ಕುದುರೆಯು ತುದಿಗಾಲಿನಿಂದ ಹೆಜ್ಜೆಯಿಡುವುದು, ನಡಿಗೆಯು ಗಿಡ್ಡವಾಗುವುದು, ಬಳಕೆಯಿಲ್ಲದ ಹಿಮ್ಮಡಿಯು ಕ್ರಮೇಣ ಕುಗ್ಗುವುದು. ಇಂಥ ಪಾದಕ್ಕೆ ಲಾಳ ಕಟ್ಟಿದರೆ ಕುಂಟು ಕೆಲವು ದಿನ ಮರೆಯಾದೀತು. ಆದರೆ ಕೊಳೆತವು ಲಾಳದ ಮರೆಯಲ್ಲಿಯೇ ಮುಂದುವರಿಯುವುದು. ರೋಗದ ಕಾರಣವನ್ನು ಬಿಟ್ಟು ಅದರ ಲಕ್ಷಣವನ್ನು ಮುಚ್ಚುವುದು ಚಿಕಿತ್ಸೆಯೆನಿಸಲಾರದು.

ನೆಲವನ್ನು ಮೊದಲು ಸರಿಪಡಿಸಬೇಕೆಂಬ ಈ ಮಾತು ಹೊಸದಲ್ಲ. ಮೊಳೆಯ ಲಾಳವು ಲೋಕದಲ್ಲಿ ರೂಢಿಗೆ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲು, ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿ, ಗ್ರೀಸ್ ದೇಶದ ಸೇನಾನಿ ಕ್ಸೆನೊಫನ್ ಎಂಬವನು ಕುದುರೆ ಸಾಕುವವರಿಗೆ ಒಂದು ಉಪಾಯವನ್ನು ಹೇಳಿದನು. ಲಾಯದ ಹೊರಗೆ ನಾಲ್ಕೈದು ಬಂಡಿಗಳಷ್ಟು, ಹಿಡಿಯೊಳಗೆ ಸೇರುವ ಗಾತ್ರದ ದುಂಡುಗಲ್ಲುಗಳನ್ನು ಹರಡಿ, ಅವು ಚದರದಂತೆ ಸುತ್ತ ಅಂಚು ಕಟ್ಟಿ, ಪ್ರತಿದಿನವೂ ಕುದುರೆಯನ್ನು ಸ್ವಲ್ಪ ಹೊತ್ತು ಅದರ ಮೇಲೆ ನಿಲ್ಲಿಸಬೇಕೆಂಬುದೇ ಆ ಉಪಾಯ. ಇಂಗ್ಲೆಂಡಿನ ಪಶುವೈದ್ಯ ಬ್ರೇಸಿ ಕ್ಲಾರ್ಕನು ೧೯ನೆಯ ಶತಮಾನದ ಆದಿಯಲ್ಲಿ, ಮೊಳೆಯ ಲಾಳವು ಗೊರಸಿನ ಸಹಜ ಹಿಗ್ಗುವಿಕೆಗೆ ತಡೆಯೊಡ್ಡುವುದೆಂದು ವಾದಿಸಿದನು. ಕನ್ನಡ ನಾಡಿನಲ್ಲಿಯೂ ಪಶುವೈದ್ಯವು ಅನಾದರಕ್ಕೆ ಗುರಿಯಾಗಿರಲಿಲ್ಲ. ೧೨ನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ಗೋವೈದ್ಯವನ್ನೂ, ೧೪೦೦ರ ಸುಮಾರಿಗೆ ಅಭಿನವಚಂದ್ರನು ಅಶ್ವವೈದ್ಯವನ್ನೂ ಕನ್ನಡದಲ್ಲಿಯೇ ರಚಿಸಿದರು. ಅರಸು ಮನೆತನದವರು ಸಹ ದನದ ರೋಗವನ್ನು ಕುರಿತು ಗ್ರಂಥ ಬರೆದ ನಾಡಿನಲ್ಲಿ, ಕುದುರೆಯ ಕಾಲೆತ್ತಿ ನೋಡುವುದನ್ನು ಕೀಳು ಕೆಲಸವೆಂದು ಭಾವಿಸುವುದು ತರವಲ್ಲ.

ನೆಲದಷ್ಟೇ ಮುಖ್ಯವಾದುದು ಮೇವು. ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಬಂಧಿಸಿರುವ ಪದರಗಳಿಗೆ ಉರಿ ತಗಲುವ ಭಯಂಕರ ರೋಗವೊಂದುಂಟು. ಧಾನ್ಯವೂ ಬೆಲ್ಲವೂ ಅತಿಯಾದಾಗ, ಕುದುರೆಯು ಬೊಜ್ಜು ಬೆಳೆಸಿದಾಗ, ಅಥವಾ ಸೊಂಪಾಗಿ ಚಿಗುರಿದ ಹುಲ್ಲನ್ನು ಒಮ್ಮೆಲೆ ಹೊಟ್ಟೆ ತುಂಬ ಮೇಯ್ದಾಗ ಇದು ಬರಬಹುದು. ಗೊರಸು ಬಿಸಿಯಾಗಿರುವುದು, ಗೊರಸಿನ ಮೇಲಿನ ಕೀಲಿನ ಹಿಂದೆ ನಾಡಿಯು ಬಲವಾಗಿ ಬಡಿಯುವುದು, ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನು ಹಿಂದಕ್ಕೆ ಹಾಕಿ ನಿಲ್ಲುವುದು ಇವು ಅದರ ಗುರುತುಗಳು. ಆಗ ಒಂದು ಗಳಿಗೆಯನ್ನೂ ಕಳೆಯದೆ ಪಶುವೈದ್ಯರನ್ನು ಕರೆಸತಕ್ಕದ್ದು; ಪ್ರಾಣಿಯನ್ನು ನಡೆಸಕೂಡದು. ದುಡಿಮೆಯಿಲ್ಲದೆ ಕಟ್ಟಿದಲ್ಲಿಯೇ ನಿಂತ ಕುದುರೆಗೆ ಬೇಕಾದುದು ಒಣ ಹುಲ್ಲು, ಶುದ್ಧ ನೀರು, ಉಪ್ಪು. ಪ್ರೀತಿಯಿಂದ ಸುರಿದ ಹುರುಳಿಯೂ ಬೆಲ್ಲವೂ ಅದರ ಕಾಲನ್ನೇ ತೆಗೆದಾವು.

ಇಷ್ಟರಿಂದ ಲಾಳವೇ ಪಾಪವೆಂದೂ, ಬರಿಗಾಲೇ ಸರ್ವರೋಗಕ್ಕೆ ಮದ್ದೆಂದೂ ತಿಳಿಯಬಾರದು. ಕಾಡಿನಲ್ಲಿ ತಿರುಗುವ ಕುದುರೆಯ ಗೊರಸು ಸದಾ ನಿರ್ದೋಷವೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಆಸ್ಟ್ರೇಲಿಯಾದ ಕಾಡುಕುದುರೆಗಳ ಪಾದಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿಯೂ ರೋಗದ ಗುರುತುಗಳು ಕಂಡುಬಂದಿವೆ. ದಿನವೆಲ್ಲ ಡಾಮರು ರಸ್ತೆಯಲ್ಲಿ ಗಾಡಿ ಎಳೆಯುವ ಕುದುರೆಗೂ, ವೈದ್ಯರು ವಿಶೇಷ ಲಾಳವನ್ನು ವಿಧಿಸಿದ ಕುದುರೆಗೂ ಲಾಳವು ಬೇಕಾದೀತು. ಆದರೆ ತೋಟದ ಮಣ್ಣು ದಾರಿಯಲ್ಲಿ ವಾರಕ್ಕೆ ಕೆಲವು ಗಂಟೆ ಸವಾರಿ ಹೋಗುವ ಕುದುರೆಗೆ, ರೂಢಿಯೆಂಬ ಒಂದೇ ಕಾರಣದಿಂದ ವರ್ಷವಿಡೀ ಕಬ್ಬಿಣವನ್ನು ಹೊರಿಸಬೇಕೇ ಎಂಬುದೇ ಪ್ರಶ್ನೆ. ಅದರಲ್ಲಿಯೂ ಮಳೆಯ ನಾಲ್ಕು ತಿಂಗಳು ಸವಾರಿಯೇ ಅಪರೂಪವಾಗಿರುವಲ್ಲಿ, ಲಾಳವನ್ನು ತೆಗೆಸಿ ಗೊರಸಿಗೆ ಬಿಡುವು ಕೊಡುವುದರಿಂದ ನಷ್ಟವೇನೂ ಇಲ್ಲ.

ಕುಂಟು ಬಿದ್ದ ಕುದುರೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಬೇಕೆನ್ನುವವರು ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

೧. ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಕುಂಟಿಗೆ ಕಾರಣವು ಗೊರಸೋ, ಕೀಲೋ, ಸ್ನಾಯುವೋ ಎಂಬುದನ್ನು ನಿರ್ಧರಿಸಿಕೊಳ್ಳತಕ್ಕದ್ದು. ಗೊರಸಿಗೆ ಮೊಳೆ ಚುಚ್ಚಿದ ಕುದುರೆಗೆ ಧನುರ್ವಾಯುವಿನ ಭಯವು ಬಹಳ. ಅದರ ಲಸಿಕೆಯನ್ನು ಮರೆಯಕೂಡದು.

೨. ಲಾಯದ ನೆಲವನ್ನು ಅಂಗಳಕ್ಕಿಂತ ಎತ್ತರಿಸಿ, ಗಂಜಳವು ಹರಿದುಹೋಗುವಂತೆ ಇಳಿಜಾರನ್ನೂ ಚರಂಡಿಯನ್ನೂ ಮಾಡತಕ್ಕದ್ದು. ಹಾಸಿಗೆಗೆ ಒಣ ಭತ್ತದ ಹುಲ್ಲು ಅಥವಾ ಮರದ ಹೊಟ್ಟು ಯೋಗ್ಯವು. ಕಾಫಿಯ ಸಿಪ್ಪೆಯು ತೋಟದಲ್ಲಿ ಧಾರಾಳವಾಗಿ ದೊರೆಯುವುದಾದರೂ ಅದನ್ನು ಹಾಸಬಾರದು. ಬ್ರೆಜಿಲ್ ದೇಶದಲ್ಲಿ ಅಂಥ ಹಾಸಿಗೆಯನ್ನು ತಿಂದ ಕುದುರೆಗಳಿಗೆ ವಿಷಬಾಧೆಯುಂಟಾದುದು ದಾಖಲಾಗಿದೆ.

೩. ಲಾಯದ ಮುಂದೆ ಮಾಡಿನ ಕೆಳಗೆ, ಕಡಲೆಕಾಳಿನ ಗಾತ್ರದ ನುಣುಪಾದ ದುಂಡುಗಲ್ಲುಗಳನ್ನು ನಾಲ್ಕು ಬೆರಳಿಗೆ ಕಡಿಮೆಯಿಲ್ಲದ ದಪ್ಪಕ್ಕೆ ಹರಡತಕ್ಕದ್ದು. ಯಂತ್ರದಲ್ಲಿ ಒಡೆದ ಚೂಪು ಜಲ್ಲಿಯು ತಳವನ್ನು ನೋಯಿಸುವುದರಿಂದ ಸಲ್ಲದು. ಮೈ ತಿಕ್ಕುವ ಹೊತ್ತಿನಲ್ಲಿಯೂ ಮೇವು ತಿನ್ನುವ ಹೊತ್ತಿನಲ್ಲಿಯೂ ಕುದುರೆಯು ಇದರ ಮೇಲೆ ನಿಂತರೆ, ಕೆಸರು ತಾನಾಗಿ ಉದುರಿ ಗೊರಸು ಒಣಗುವುದು.

೪. ಪ್ರತಿದಿನವೂ ಕೊಕ್ಕೆಯಿಂದ ಗೊರಸಿನ ಮಣ್ಣು ತೆಗೆದು, ಕಪ್ಪೆಯ ಸೀಳನ್ನು ನೋಡಿ, ಮೂಸಿ, ಒಣಬಟ್ಟೆಯಿಂದ ಒರಸತಕ್ಕದ್ದು. ಬೋರ್ಡೊ ದ್ರಾವಣಕ್ಕಾಗಿ ತಂದ ಮೈಲುತುತ್ತವು ಎಲ್ಲ ತೋಟಗಳಲ್ಲಿಯೂ ಇರುವುದರಿಂದ, ಅದರ ಪುಡಿಯನ್ನೇ ಹುಣ್ಣಿಗೆ ತುಂಬುವ ಆತುರವುಂಟಾಗಬಹುದು. ಅದು ಜೀವಂತ ಮಾಂಸವನ್ನು ಸುಡುವುದು. ಔಷಧವನ್ನೂ ಅದರ ಪ್ರಮಾಣವನ್ನೂ ವೈದ್ಯರೇ ಹೇಳಬೇಕು.

೫. ಆರರಿಂದ ಎಂಟು ವಾರಗಳಿಗೊಮ್ಮೆ, ತಿಳಿದವನಿಂದ ಗೊರಸನ್ನು ಅರದಿಂದ ತೇಯಿಸಿ ಸಮಮಾಡಿಸತಕ್ಕದ್ದು. ಕಕ್ಕಡಕ್ಕೆ ಮೊದಲೊಮ್ಮೆ, ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೊಮ್ಮೆ, ತುಲಾ ಸಂಕ್ರಮಣ ಕಳೆದು ಒಮ್ಮೆ, ಪುತ್ತರಿಯ ಬಳಿಕ ಒಮ್ಮೆ ಎಂದು ಗುರುತಿಟ್ಟುಕೊಂಡರೆ ಮರೆವಿಗೆ ಅವಕಾಶವಿರದು. ತಳವನ್ನು ಮಾತ್ರ ಚೆಂದಕ್ಕಾಗಿ ಕೆತ್ತಿಸಬಾರದು. ಅದರ ದಪ್ಪವೇ ಕುದುರೆಯ ಪಾದರಕ್ಷೆ.

೬. ಲಾಳ ತೆಗೆದ ಮೊದಲ ವಾರಗಳಲ್ಲಿ ಕುದುರೆಯು ಕಲ್ಲಿನ ಮೇಲೆ ಅಳುಕುವುದು ಸಹಜ. ಆಗ ಹುಲ್ಲುನೆಲದಲ್ಲಿ ಕೈಹಿಡಿದು ನಡೆಸಿ, ದಿನಕ್ಕಿಷ್ಟೆಂದು ದೂರವನ್ನು ಹೆಚ್ಚಿಸುತ್ತ, ಅನಂತರ ಗಟ್ಟಿ ದಾರಿಗೆ ತರತಕ್ಕದ್ದು. ಈಗ ದೊರೆಯುವ ರಬ್ಬರಿನ ಗೊರಸುಜೋಡುಗಳನ್ನು ಸವಾರಿಯ ಹೊತ್ತಿಗೆ ತೊಡಿಸಿ ಬಳಿಕ ಕಳಚಬಹುದು. ಹೊಸ ಗೋಡೆಯು ಪೂರ್ತಿ ಇಳಿಯುವವರೆಗೆ, ಅಂದರೆ ಸುಮಾರು ಒಂದು ವರ್ಷ, ತಾಳ್ಮೆ ಬೇಕು.

ಈ ಕ್ರಮದಲ್ಲಿ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ನಿತ್ಯದ ಗಮನವೂ ಕೈಬಲ್ಲ ಒಬ್ಬ ಮನುಷ್ಯನೂ. ಕೊಡಗಿನ ಕೊರತೆಯು ಈ ಎರಡನೆಯದರಲ್ಲಿಯೇ ಇದೆ. ಟಾಂಗಾ ಕುದುರೆಗಳೂ, ಪೊಲೀಸರ ಅಶ್ವದಳವೂ, ಓಟದ ಮೈದಾನವೂ ಇರುವ ಮೈಸೂರಿನಲ್ಲಿ ಗೊರಸಿನ ಕೆಲಸ ಬಲ್ಲವರು ದೊರೆಯುವರು. ಮಡಿಕೇರಿಯಿಂದ ನೂರು ಕಿಲೋಮೀಟರಿಗೂ ಮಿಗಿಲಾದ ದೂರದಿಂದ, ಒಂದೆರಡು ಕುದುರೆಗಳಿಗಾಗಿ, ಸುರಿಯುವ ಮಳೆಯಲ್ಲಿ ಅಂಥವನು ಬರಬೇಕೆಂದು ನಿರೀಕ್ಷಿಸುವುದು ವ್ಯರ್ಥ. ಅವನು ಬರುವಷ್ಟರಲ್ಲಿ ಎರಡು ಬಾರಿ ತೇಯಬೇಕಾದ ಗೊರಸು ಸೀಳಿಹೋಗಿರುವುದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗುವುದು.

ಆದಕಾರಣ ಕುದುರೆ ಸಾಕುವ ಭೂಮಾಲೀಕರು ತಾಲ್ಲೂಕಿಗೊಂದರಂತೆ ಒಟ್ಟುಗೂಡಿ, ಪಶುಗಳ ಮೇಲೆ ಮಮತೆಯುಳ್ಳ ಒಬ್ಬ ತರುಣನನ್ನು ಆರಿಸಿ, ಅನುಭವಿಗಳ ಬಳಿ ಕೆಲಸ ಕಲಿಯಲು ಕಳುಹಿಸುವುದು ಉತ್ತಮವು. ನೆರೆಯ ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಅಲ್ಲಿಯ ಪಂಡಿತರ ಸಲಹೆಯನ್ನು ಕೇಳಬಹುದು. ಲಾಳ ಹೊಡೆಯುವ ವೃತ್ತಿಯವರು ಪರವಾನಗಿ ಪಡೆಯಬೇಕೆಂದು ೧೯೬೫ರಲ್ಲಿಯೇ ನಿಯಮಗಳಾಗಿವೆ. ಕಲಿತವನಿಗೆ ದನಗಳ ಗೊರಸು ಕತ್ತರಿಸುವ ಕೆಲಸವೂ ದೊರೆತು ಜೀವನೋಪಾಯವಾಗುವುದು; ಒದ್ದೆ ಕೊಟ್ಟಿಗೆಯಲ್ಲಿ ನಿಂತ ಹಾಲಿನ ಹಸುವಿನ ಗೊರಸೂ ಇದೇ ಕಷ್ಟವನ್ನು ಪಡುತ್ತಿದೆಯಷ್ಟೆ.

ಊರ ಮುಖಂಡರ ಕರ್ತವ್ಯವು ಇನ್ನೂ ಒಂದಿದೆ. ರೋಗದಿಂದಲೋ ಗಾಯದಿಂದಲೋ ಅಶಕ್ತವಾದ ಪ್ರಾಣಿಯನ್ನು ದುಡಿಸುವುದು ೧೯೬೦ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧವು. ಕುಂಟುವ ಕುದುರೆಯ ಬೆನ್ನ ಮೇಲೆ ಪ್ರವಾಸಿಗಳ ಮಕ್ಕಳನ್ನು ಕೂರಿಸುವುದನ್ನು ಕಂಡೂ ಸುಮ್ಮನಿರುವುದು ಊರಿಗೆ ಶೋಭೆಯಲ್ಲ. ಹೇಳಿ ನಿಲ್ಲಿಸುವ ಅಧಿಕಾರವು ಕಾಯಿದೆಗಿಂತ ಮೊದಲು ಹಿರಿಯರ ಮಾತಿಗಿದೆ.

ತೋಟಕ್ಕೆ ಬಂದ ಕುದುರೆಯು ತಾನಾಗಿ ಈ ಮಳೆಯ ನಾಡನ್ನು ಆರಿಸಿಕೊಂಡು ಬಂದದ್ದಲ್ಲ. ತಂದವರು ಅದಕ್ಕೆ ಕಾಲೂರಲು ಒಂದು ಒಣ ನೆಲವನ್ನು ಒದಗಿಸಲೇಬೇಕು. ಲಾಳದ ಮಾತು ಆಮೇಲಿನದು. ಮುಂದಿನ ಮುಂಗಾರು ಹಿಡಿಯುವುದಕ್ಕೆ ಮುಂಚೆ, ಸಾಕುವವರು ಒಮ್ಮೆ ಲಾಯಕ್ಕೆ ಹೋಗಿ, ತಮ್ಮ ಕೈಯಿಂದಲೇ ಕುದುರೆಯ ನಾಲ್ಕು ಕಾಲುಗಳನ್ನೂ ಎತ್ತಿ ನೋಡಲಿ. ಮಾಡಬೇಕಾದ ಕೆಲಸವು ಅಲ್ಲಿಯೇ ಕಾಣುವುದು.