ಗಾಯ ಮಾಗಿತು, ಉರಿಯೂತ ನಿಲ್ಲಲಿಲ್ಲ

ಕಿವಿ ಚುಚ್ಚಿಸಿದ ಕೆಲವು ತಿಂಗಳಿಗೆ ಕೆಲವರ ಹಾಲೆಯಲ್ಲಿ ಗಟ್ಟಿ ಗಂಟು ಬೆಳೆಯತೊಡಗುತ್ತದೆ. ಜೊತೆಗೆ ತುರಿಕೆ, ನೋವು. ಇದು ಕೀಲಾಯ್ಡ್. ಸಾಮಾನ್ಯ ಉಬ್ಬುಕಲೆ ಗಾಯದ ಅಂಚಿನೊಳಗೇ ಉಳಿಯುತ್ತದೆ. ಕೀಲಾಯ್ಡ್ ಅಂಚು ದಾಟಿ ಆರೋಗ್ಯವಾಗಿದ್ದ ಚರ್ಮಕ್ಕೂ ಹಬ್ಬುತ್ತದೆ.

ಇದನ್ನು ಬರೀ ಅಂದಚೆಂದದ ತಕರಾರೆಂದು ತಳ್ಳಿಹಾಕುವುದು ತಪ್ಪು. ಗಾಯವಾದಾಗ ರಕ್ಷಣಾ ಕೋಶಗಳು ಐಎಲ್-6, ಟಿಜಿಎಫ್-ಬೀಟಾದಂಥ ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತವೆ. ಅದಕ್ಕೆ ಓಗೊಟ್ಟು ಫೈಬ್ರೊಬ್ಲಾಸ್ಟ್ ಕೋಶಗಳು ಗಾಯ ಬೆಸೆಯುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತಯಾರಿಸುತ್ತವೆ. ಗಾಯ ಮುಚ್ಚಿದ ಮೇಲೆ ಈ ಸಂಕೇತ ತಗ್ಗಬೇಕು. ಕೀಲಾಯ್ಡ್‌ನಲ್ಲಿ ತಗ್ಗುವುದಿಲ್ಲ, ಗೋಡೆ ಎದ್ದ ಮೇಲೂ ಗಾರೆಯವರಿಗೆ ಸಾಕೆನ್ನುವವರೇ ಇಲ್ಲ! ಜಪಾನಿನ ಶಸ್ತ್ರಚಿಕಿತ್ಸಕ ರೇ ಒಗಾವಾ 2017ರಲ್ಲಿ ಇದನ್ನು ಚರ್ಮದ ಆಳದ ಪದರದ ದೀರ್ಘಕಾಲಿಕ ಉರಿಯೂತವೆಂದೇ ವಿವರಿಸಿದರು. ಸೆಳೆತ ಈ ಉರಿಯೂತವನ್ನು ಕೆರಳಿಸುವುದರಿಂದ, ಚರ್ಮ ಸದಾ ಸೆಳೆತಕ್ಕೊಳಗಾಗುವ ಎದೆ, ಭುಜಗಳಲ್ಲಿ ಇದರ ಕಾಟ ಹೆಚ್ಚು.

ಹೀಗಿರುವಾಗ ಬರೀ ಕತ್ತರಿಸಿ ತೆಗೆದರೆ? ಅದು ಇನ್ನೊಂದು ಗಾಯ, ಇನ್ನೊಂದು ಸುತ್ತಿನ ಉರಿಯೂತ. ಗಂಟು ಮರಳುವುದು ತೀರಾ ಸಾಮಾನ್ಯ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಅದಕ್ಕೇ ಉರಿಯೂತ ತಗ್ಗಿಸುವ ಟ್ರಯಾಮ್ಸಿನೊಲೋನ್ ಚುಚ್ಚುಮದ್ದು, ಶಸ್ತ್ರಚಿಕಿತ್ಸೆಯ ಬೆನ್ನಿಗೇ ವಿಕಿರಣ ಮುಂತಾದವನ್ನು ಜೊತೆಗೂಡಿಸುತ್ತಾರೆ. ಕತ್ತರಿ ಹಿಡಿಯುವ ಮೊದಲೇ ಇದಿಷ್ಟನ್ನೂ ರೋಗಿಗೆ ಬಿಡಿಸಿ ಹೇಳುವುದು ವೈದ್ಯರ ಹೊಣೆ.